ಅವಳಿಗೆ ಅಂಜಬ್ಯಾಡ ಅನ್ನಬ್ಯಾಡ್ರಿ

ನಿನ್ನೆ ಸಂಜೆ ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಆದದ್ದು ಇನ್ನೂ ತಲೆ ಕೊರೀತಾ ಇದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ನನ್ನ ಅಕ್ಕನ ಮಗಳು ದೋಣಿಗೆ ಹುಟ್ಟು ಹಾಕುತ್ತಾ ಅಟ್ಲಾಂಟಿಕ್ ಸಾಗರ ದಾಟಲು ಹೊರಟಿದ್ದಾಳೆ. ಡಿಸೆಂಬರ್‌ನಲ್ಲಿ ಕ್ಯಾನರಿ ದ್ವೀಪಗಳ ಲಾ ಗೊಮೇರಾದಿಂದ ಹೊರಟು ಕೆರಿಬಿಯನ್‌ನ ಆಂಟಿಗುವಾ ದ್ವೀಪದ ತನಕ, ಸುಮಾರು 4,800 ಕಿಲೋಮೀಟರ್. ಎಂಜಿನ್ ಇಲ್ಲ, ಹಾಯಿ ಇಲ್ಲ. ನಾಲ್ಕು ಹುಡುಗಿಯರು. ಎರಡು ತಾಸು ಹುಟ್ಟು ಹಾಕುವುದು, ಎರಡು ತಾಸು ಮಲಗುವುದು. ಹಗಲು ರಾತ್ರಿ ಅದೇ ಪಾಳಿ, ಒಂದೂವರೆ ತಿಂಗಳು.

ನಿನ್ನೆ ಬಂದ ನೆಂಟರೆಲ್ಲರ ಬಾಯಲ್ಲೂ ಒಂದೇ ಮಾತು. "ಅಂಜಬ್ಯಾಡ." ಚಹಾ ಕುಡಿಯುವಾಗ ಅಂಜಬ್ಯಾಡ, ಎದ್ದು ಹೋಗುವಾಗ ಅಂಜಬ್ಯಾಡ. ಒಬ್ಬರಂತೂ, "ಆ ಅನನ್ಯಾ ಪ್ರಸಾದ್ ಒಬ್ಬಾಕೀನ 52 ದಿನದಾಗ ದಾಟಿದ್ಲು. ನೀವು ನಾಕ ಮಂದಿ ಅದೀರಿ, ನಿನಗೆಂಥ ಅಂಜಿಕಿ?" ಅಂದರು. ಬೆಂಗಳೂರಿನಲ್ಲಿ ಹುಟ್ಟಿದ ಆ ಹೆಣ್ಣುಮಗಳು 2025ರ ಜನವರಿ ಕೊನೆಗೆ ಆಂಟಿಗುವಾ ಮುಟ್ಟಿದಾಗ ನಾನೂ ಕುಣಿದಾಡಿದ್ದೆ. ಆದರೆ ಆಕೆಗೆ ಅಂಜಿಕೆಯೇ ಇರಲಿಲ್ಲ ಅಂತ ಇವರಿಗೆ ಯಾರು ಹೇಳಿದರು? ಒಬ್ಬರ ಧೈರ್ಯ ತಂದು ಇನ್ನೊಬ್ಬರ ಬಾಯಿ ಮುಚ್ಚಿಸುವುದು ನ್ಯಾಯವಾ?

ಹುಡುಗಿ ಎಲ್ಲರಿಗೂ ನಗುತ್ತಾ ಹೂಂ ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ, ಅವಳ ಕೈ ನೋಡಿದೆ. ಹುಟ್ಟು ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿದೆ. ಆ ಜಡ್ಡನ್ನು ಉಗುರಿನಿಂದ ಕಿತ್ತು ಕಿತ್ತು ರಕ್ತ ಬರಿಸಿಕೊಂಡಿದ್ದಳು. ಒಬ್ಬರಿಗೂ ಕಾಣಲಿಲ್ಲ. ಒಳಗೆ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ, "ಹೋಗೂ ಮುಂದ ಅಳಬಾರದು, ಅಪಶಕುನ" ಅಂತ ಗದರಿದರು. ಹೆತ್ತವಳು ಅಳದೆ ಇನ್ಯಾರು ಅಳಬೇಕು?

ರಾತ್ರಿ ಎಲ್ಲರೂ ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತಿನಿಸು ತೂಗುತ್ತಿದ್ದಳು. ಆ ದುಡಿಮೆಗೆ ದಿನಕ್ಕೆ 5,000 ಕ್ಯಾಲರಿಗೂ ಜಾಸ್ತಿ ಬೇಕು. ಅದಕ್ಕೆ ದಿನಕ್ಕೊಂದು ಚೀಲ. ಅಮೀನಗಡದ ಕರದಂಟು ಆಯಿತು, ಆಮೇಲೆ ಆಯಿ (ಅವಳ ಅಜ್ಜಿ) ಕಟ್ಟಿದ ಅಂಟಿನ ಉಂಡಿ ಒಂದೊಂದಾಗಿ ತೂಕದ ಮಷಿನ್ ಮೇಲೆ ಇಟ್ಟಳು. 46 ಗ್ರಾಂ. 52. 39. ಮೊದಲೆಲ್ಲ ಆಯಿಯ ಉಂಡಿ ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ಸಮ ಇರುತ್ತಿದ್ದವು. ಈಗ ಆಯಿಯ ಕೈ ನಡುಗುತ್ತೆ. 39 ಗ್ರಾಮಿನ ಆ ಉಂಡಿಯನ್ನು ಅವಳು ಸುಮಾರು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಸಮುದ್ರದ ತೆರೆಗಳಿಗೆ ಅಂಜಿಕಿಲ್ಲ ಚಿಗವ್ವಾ, ಅದಕ್ಕ ಸೊಂಟಕ್ಕ ಕಟ್ಟೂ ಹಗ್ಗ ಐತಿ. ನಡುವ ತಿರುಗಿ ಬರಾಕ ಆಗಂಗಿಲ್ಲಲ್ಲ, ಅದಕ್ಕ ಅಂಜಿಕಿ" ಅಂದಳು.

ಅಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತೆ. ಆ ಗಾಳಿ ನಂಬಿಕೊಂಡೇ ದೋಣಿ ಹೊರಡುವುದು. ಒಮ್ಮೆ ದೂರ ಹೋದರೆ ಅದಕ್ಕೆ ಎದುರಾಗಿ ಹುಟ್ಟು ಹಾಕಿ ಹಿಂದಕ್ಕೆ ಬರುವ ಮಾತೇ ಇಲ್ಲ. ದೋಣಿಯಲ್ಲಿ ಸ್ಯಾಟಲೈಟ್ ಫೋನ್ ಇರುತ್ತೆ, ಸುದ್ದಿ ಮುಟ್ಟುತ್ತೆ. ಆದರೆ ಬರೋಕಾಗಲ್ಲ.

"ಆಯಿಗೆ ಏನರ ಆದ್ರ ನನಗ ಹೇಳ್ತೀರೋ, ಮುಚ್ಚಿಡ್ತೀರೋ?"

ನಾನು ಏನಂದೆ ಗೊತ್ತಾ? "ಬಿಡ್ತು ಅನ್ನು! ಅಂಜಬ್ಯಾಡ ಸುಮ್ನೆ" ಅಂದೆ. ಸಂಜೆಯಿಂದ ಯಾವ ಮಾತಿಗೆ ಮೈ ಉರೀತಿತ್ತೋ ಅದೇ ಮಾತು ನನ್ನ ಬಾಯಿಂದಲೇ ಬಂತು. ಅವಳು ಮತ್ತೇನೂ ಕೇಳಲಿಲ್ಲ. ಮುಂದಿನ ಉಂಡಿ ತೂಗಿದಳು.

ಅಂಜಿಕೆಯ ಮಾತಾಡಿದರೆ ಧೈರ್ಯ ಕುಗ್ಗುತ್ತೆ ಅಂತಾರೆ. ನಾನು ಒಪ್ಪಲ್ಲ. ದೋಣಿಗೂ ಸೊಂಟಕ್ಕೂ ಹಗ್ಗ ಕಟ್ಟಿಕೊಳ್ಳದೆ ರಾತ್ರಿ ಹೊರಗೆ ಕಾಲಿಡಲ್ಲ ಅಂತ ಅವಳು ಹೇಳ್ತಾಳಲ್ಲ, ಅದನ್ನು ಕಟ್ಟಿಸುವುದು ಅಂಜಿಕೆಯೇ. ಅದನ್ನೂ ಕಿತ್ತುಕೊಂಡು ಕಳಿಸಬೇಕಾ?

ಆಲಮಟ್ಟಿ ಹಿನ್ನೀರು ಬರುತ್ತೆ ಅಂತ ಹಳೆ ಬಾಗಲಕೋಟೆಯ ಮನೆ ಬಿಟ್ಟಾಗ ನನಗೆ ಹದಿನಾಲ್ಕು ವರ್ಷ. ಟ್ರ್ಯಾಕ್ಟರಿನಲ್ಲಿ ಸಾಮಾನು ಏರಿಸುವಾಗ ಅಳಬ್ಯಾಡ ಅಂದರು. ಅಳಲಿಲ್ಲ. ಇವತ್ತಿಗೂ ಆ ಕಡೆ ಹೋಗಿ ನೀರು ಕಂಡರೆ ಗಂಟಲು ಕಟ್ಟುತ್ತೆ, ಮಾತೇ ಹೊರಡಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಅವಳಿಗೆ ಉಡಿ ತುಂಬಲು ಬರುವವರಲ್ಲಿ ಕೈಮುಗಿದು ಕೇಳ್ತೀನಿ. ಬನ್ನಿ, ಹರಸಿ. ಅಕ್ಕ ಅತ್ತರೆ ಅಳಲಿ ಬಿಡಿ. ಹುಡುಗಿ ಅಂಜಿಕೆ ಆಗ್ತಿದೆ ಅಂದರೆ ಯಾತಕ್ಕೆ ಅಂತ ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು ಕೇಳಿಸಿಕೊಳ್ಳಿ.

ಬೆಳಗ್ಗೆ ಐದಕ್ಕೆ ಎದ್ದು ಅವಳ ಕೋಣೆಗೆ ಹೋದೆ. ಅವಳೂ ಎದ್ದೇ ಇದ್ದಳು. "ರಾತ್ರಿ ನಾ ತಪ್ಪು ಮಾಡಿದ್ನಿ ಯವ್ವಾ. ಆಯಿ ಸುದ್ದಿ ನಿನಗ ಹೇಳಬೇಕೋ ಬ್ಯಾಡೋ, ನೀನ ಹೇಳು. ಹಂಗ ಮಾಡ್ತೀನಿ" ಅಂದೆ.

ಎಷ್ಟೋ ಹೊತ್ತು ಮಾತಾಡಲಿಲ್ಲ. ನನ್ನ ತೊಡೆ ಮೇಲೆ ತಲೆಯಿಟ್ಟು ಅತ್ತಳು, ನಾನೂ ಅತ್ತೆ. ಆಮೇಲೆ ಮೂಗೊರೆಸಿಕೊಂಡು ಹೇಳಿದಳು: "ಹೇಳ್ರಿ, ಮುಚ್ಚಿಡಬ್ಯಾಡ್ರಿ. ಆದ್ರ ನನ್ನ ಪಾಳಿ ಮುಗದ ಮ್ಯಾಲ ಹೇಳ್ರಿ."