ವಾರಕ್ಕೊಂದು ಗಂಟೆ ಬರುವ ಮೇಡಂ ಪಾಠ ಮಾಡಬೇಕಾದ್ದು ಮಗುವಿಗಲ್ಲ

ತೀವ್ರ ಅಂಗವೈಕಲ್ಯದಿಂದ ಶಾಲೆಗೆ ಹೋಗಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣದ ಭೇಟಿ ಅಂದರೆ ಮಂಡ್ಯದ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ಬಿಐಇಆರ್‌ಟಿ (ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕಿ) ಮೇಡಂ ಹನ್ನೊಂದರ ಬಸ್ಸಿಗೆ ಇಳಿದು, ದಾರಿ ಕೇಳಿಕೊಂಡು ಮನೆಗೆ ಬರುತ್ತಾರೆ. ಅಮ್ಮ ನಾಟಿಗೋ ಗಾರ್ಮೆಂಟ್ಸಿಗೋ ಹೋಗಿರುತ್ತಾಳೆ, ಅಪ್ಪ ಕಬ್ಬು ಕಡಿಯಲು. ಮನೆಯಲ್ಲಿ ಇರುವವರು ಅಜ್ಜಿ ಮತ್ತು ಮಗು. ಮೇಡಂ ಬ್ಯಾಗಿನಿಂದ ಬಣ್ಣದ ಬಿಲ್ಲೆ ತೆಗೆದು ಮಗುವಿನ ಮುಂದೆ ಕೂರುತ್ತಾರೆ, ಅಜ್ಜಿ ಕಾಫಿ ಕಾಯಿಸಲು ಒಳಗೆ ಹೋಗುತ್ತಾರೆ. ಮುಕ್ಕಾಲು ಗಂಟೆ ಪಾಠ, ಒಂದು ಫೋಟೊ, ರಿಜಿಸ್ಟರಿನಲ್ಲಿ ಅಜ್ಜಿಯ ಹೆಬ್ಬೆಟ್ಟು. ಮೇಡಂ ಮತ್ತೆ ಬರುವವರೆಗೆ ಆ ಮಗುವಿಗೆ ಓದಿಲ್ಲ, ಬರಹವಿಲ್ಲ.

ಇಲ್ಲಿ ತಪ್ಪು ಮೇಡಂದಲ್ಲ. ತಾಲ್ಲೂಕಿನಲ್ಲಿ ಇಂಥ ಶಿಕ್ಷಕರು ಇರುವುದೇ ಬೆರಳೆಣಿಕೆಯಷ್ಟು, ಅವರ ಮೇಲೆ ಶಾಲೆಗೆ ಬರುವ ವಿಶೇಷ ಅಗತ್ಯದ ಮಕ್ಕಳ ಹೊಣೆಯೂ ಇದೆ. ತಪ್ಪಿರುವುದು ಭೇಟಿಯನ್ನು ನಾವು ಅರ್ಥ ಮಾಡಿಕೊಂಡಿರುವ ರೀತಿಯಲ್ಲಿ. ವಾರಕ್ಕೆ 168 ಗಂಟೆ, ಅದರಲ್ಲಿ ಒಂದು ಗಂಟೆ ಮೇಡಂದು. ಆ ಒಂದು ಗಂಟೆಯನ್ನು ಮಗುವಿಗೇ ಸುರಿದರೆ ಮಿಕ್ಕ ದಿನಗಳಿಗೆ ಏನೂ ಉಳಿಯುವುದಿಲ್ಲ. ಅದೇ ಗಂಟೆಯಲ್ಲಿ ಅಜ್ಜಿಗೆ ಒಂದೇ ಒಂದು ಪಾಠ ಕಲಿಸಿ ಹೋದರೆ, ಅಜ್ಜಿ ಅದನ್ನು ದಿನಾ ಎರಡು ಸಲ ಹದಿನೈದು ನಿಮಿಷ ಮಾಡಿಸಿದರೂ ವಾರಕ್ಕೆ ಮೂರೂವರೆ ಗಂಟೆ ಆಯಿತು. ಕಾಫಿ ಆಮೇಲೆ ಕಾಯಲಿ.

ಮೊದಲು ಕಾನೂನಿನ ಮಾತು, ಯಾಕೆಂದರೆ ಇಲ್ಲೇ ಹೆಚ್ಚು ಜನ ಎಡವುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಬಹುವಿಧ ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು ಎಂಬ ಮಾತು ಸೇರಿದ್ದು 2012ರ ತಿದ್ದುಪಡಿಯಲ್ಲಿ. ಆರಿಸಿಕೊಳ್ಳಬಹುದು ಅನ್ನುವುದನ್ನು ಇನ್ನೊಮ್ಮೆ ಓದಿ. ಆಯ್ಕೆ ಮನೆಯವರದು, ಶಾಲೆಯದಲ್ಲ. ದಾಖಲಾತಿಗೆ ಹೋದಾಗ 'ನಮ್ಮಲ್ಲಿ ನೋಡಿಕೊಳ್ಳೋಕೆ ಆಗಲ್ಲ, ಮನೆಯಲ್ಲೇ ಮಾಡಿಸಿಬಿಡಿ' ಅಂತ ಹೆಡ್‌ಮಾಸ್ಟರ್ ಅಂದರೆ ಅದು ಸಲಹೆಯ ವೇಷದಲ್ಲಿ ಬಂದ ನಿರಾಕರಣೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಗಾಲಿಕುರ್ಚಿಯಲ್ಲಿ ಕೂತು ಎರಡು ಗಂಟೆ ತರಗತಿಯಲ್ಲಿ ಇರಬಲ್ಲ ಮಗುವನ್ನು ಮನೆಯಲ್ಲಿ ಇರಿಸುವುದಕ್ಕೆ ಈ ಯೋಜನೆ ಇರುವುದಲ್ಲ.

ಮನೆಯಲ್ಲೇ ಕಲಿಯುವ ಮಗುವಿನ ಹೆಸರೂ ಸರ್ಕಾರಿ ಶಾಲೆಯ ದಾಖಲೆಯಲ್ಲಿ ಇರಲೇಬೇಕು. ಎಸ್‌ಎಟಿಎಸ್ ಸಂಖ್ಯೆ (ಶಾಲಾ ಮಕ್ಕಳ ಸರ್ಕಾರಿ ದಾಖಲೆಯ ನಂಬರು) ಕೇಳಿ ಬರೆದಿಟ್ಟುಕೊಳ್ಳಿ. 'ಮಗು ಶಾಲೆಗೆ ಬರುತ್ತಿಲ್ಲವಲ್ಲ' ಅಂತ ಯಾರಾದರೂ ಟಿಸಿ ಒಯ್ಯಲು ಹೇಳಿದರೆ ಒಯ್ಯಬೇಡಿ. ಟಿಸಿ ಪಡೆದು ಬೇರೆಲ್ಲೂ ಸೇರಿಸದೆ ಬಿಟ್ಟರೆ ಮಗು ಲೆಕ್ಕದಲ್ಲಿ ಶಾಲೆ ಬಿಟ್ಟವರ ಪಟ್ಟಿಗೆ ಬೀಳುತ್ತದೆ, ಮೇಡಂ ಭೇಟಿಯೂ ನಿಲ್ಲುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬರಲಿ ಅಂತ ದಾಖಲಾತಿಗೆ ಕಾಯುವುದೂ ಬೇಡ, ಎರಡೂ ಕೆಲಸ ಜೊತೆಗೇ ನಡೆಯಲಿ. ಕಾರ್ಡಿನಲ್ಲಿ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂತ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಉಚಿತ ಶಿಕ್ಷಣದ ಹಕ್ಕು 18 ವರ್ಷದವರೆಗೂ ಇದೆ, 14ಕ್ಕೆ ಮುಗಿಯುವುದಿಲ್ಲ.

(ಮೈಸೂರಿನ ಬಡಾವಣೆಗಳಲ್ಲಿ ಶಾಲೆಯೇ ಬೇಡವೆಂದು ಮಕ್ಕಳನ್ನು ಮನೆಯಲ್ಲಿ ಓದಿಸುವ ಹೋಮ್‌ಸ್ಕೂಲಿಂಗ್‌ನವರೂ ಇದ್ದಾರೆ. ಅದು ಬೇರೆಯೇ ಚರ್ಚೆ. ಆದರೆ ಮುಂದೆ ಹೇಳುವ ಅರ್ಧದಷ್ಟು ಅವರಿಗೂ ಉಪಯೋಗಕ್ಕೆ ಬರುತ್ತದೆ.)

ಈಗ ಅಜ್ಜಿಯ ಪಾಠಕ್ಕೆ ಬರೋಣ. ಶುರು ಅಕ್ಷರದಿಂದಲ್ಲ, ಕೂರುವುದರಿಂದ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವನ್ನು ತೊಡೆಯ ಮೇಲೆ ಒರಗಿಸಿಕೊಂಡು ಪಾಠ ಹೇಳುವುದು ಎಲ್ಲ ಮನೆಯಲ್ಲೂ ಕಾಣುವ ದೃಶ್ಯ. ಪ್ರೀತಿ ಇದೆ ನಿಜ, ಕಲಿಕೆ ಆಗುವುದಿಲ್ಲ. ಮೈ ಗಟ್ಟಿಯಾಗಿ ನಿಲ್ಲದಿದ್ದರೆ ಮಗುವಿನ ಕೈ, ಕಣ್ಣು, ಗಮನ ಎಲ್ಲವೂ ಬೀಳದಂತೆ ಹಿಡಿದುಕೊಳ್ಳುವುದಕ್ಕೇ ಖರ್ಚಾಗುತ್ತವೆ. ಕುರ್ಚಿಯಲ್ಲಿ ಕೂರಿಸಿದಾಗ ಮೂರು ಕಡೆ ನೋಡಿ: ಸೊಂಟ, ಮಂಡಿ, ಪಾದದ ಕೀಲು. ಮೂರೂ ಹೆಚ್ಚುಕಡಿಮೆ ಗೋಡೆ-ನೆಲ ಸೇರುವ ಮೂಲೆಯಂತೆ ಲಂಬ ಕೋನದಲ್ಲಿರಬೇಕು. ಕುರ್ಚಿ ಆಳವಾಗಿದ್ದರೆ ಬೆನ್ನ ಹಿಂದೆ ಕಂಬಳಿ ಮಡಿಸಿಡಿ. ಕಾಲು ಜೋತಾಡುತ್ತಿದ್ದರೆ ಎರಡು ಇಟ್ಟಿಗೆಗೆ ಗೋಣಿತಾಟು ಸುತ್ತಿ ಪಾದದ ಕೆಳಗೆ ಕೊಡಿ. ಜೋತಾಡುವ ಕಾಲೇ ಮಗು ಮುಂದಕ್ಕೆ ಜಾರುವುದಕ್ಕೆ ಅರ್ಧ ಕಾರಣ. ಮೇಜು ಮೊಣಕೈ ಎತ್ತರಕ್ಕಿರಲಿ. ತಲೆ ಬಾಗಿಸಿಯೇ ಇರುವ ಮಗುವಿಗೆ ಪುಸ್ತಕವನ್ನು ಮಲಗಿಸಿ ಇಡಬೇಡಿ, ಮಣೆಯನ್ನು ಓರೆಯಾಗಿ ನಿಲ್ಲಿಸಿ ಅದಕ್ಕೆ ಆನಿಸಿ. ನೆಲದ ಮೇಲೆ ಕೂರುವ ಮಗು ಮಂಡಿ ಮಡಿಸಿ ಎರಡೂ ಪಾದ ಹೊರಗೆ ಚಾಚಿ ಕೂರುತ್ತಿದ್ದರೆ ಅದನ್ನು ಅಭ್ಯಾಸವಾಗಲು ಬಿಡಬೇಡಿ. ಯಾವ ಭಂಗಿ ಸರಿ ಅನ್ನುವುದನ್ನು ಫಿಜಿಯೋಥೆರಪಿಸ್ಟ್ ಒಮ್ಮೆ ನೋಡಿ ಹೇಳಲಿ. ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ಫಿಜಿಯೋಥೆರಪಿ ಯಾವ ದಿನ ಇರುತ್ತದೆ ಅಂತ ಮೇಡಂ ಅವರನ್ನೇ ಕೇಳಿ. ಊಟ ಆದ ತಕ್ಷಣ ಪಾಠ ಬೇಡ. ಫಿಟ್ಸ್ ಮಾತ್ರೆ ತಿನ್ನುವ ಮಗುವಾದರೆ ಯಾವ ಹೊತ್ತಿನಲ್ಲಿ ತೂಕಡಿಸುತ್ತದೆ ಅಂತ ಒಂದು ವಾರ ಗಮನಿಸಿ ಪಾಠದ ಸಮಯ ಗೊತ್ತು ಮಾಡಿ.

ಎರಡನೆಯದು ದಿನದ ಕೆಲಸ. ಚಡ್ಡಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಚಡ್ಡಿ ಹಿಡಿಯುವುದು, ಬಲಗಾಲು ತೂರಿಸುವುದು, ಎಡಗಾಲು ತೂರಿಸುವುದು, ಮಂಡಿವರೆಗೆ ಎಳೆಯುವುದು, ಸೊಂಟಕ್ಕೆ ಏರಿಸುವುದು. ನಾವೆಲ್ಲ ಮೊದಲ ಹೆಜ್ಜೆಯಿಂದ ಕಲಿಸಲು ಹೋಗುತ್ತೇವೆ, ಮಗು ಅಲ್ಲೇ ಸೋತು ಅಳುತ್ತದೆ, ಕೊನೆಗೆ ಅಮ್ಮನೇ ಹಾಕಿ ಮುಗಿಸುತ್ತಾಳೆ. ತಿರುಗಿಸಿ ಮಾಡಿ. ಮೊದಲ ನಾಲ್ಕು ಹೆಜ್ಜೆ ನೀವೇ ಮಾಡಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡಿ. ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ. ಅದು ಕೈಗೆ ಬಂದಮೇಲೆ ಕೊನೆಯ ಎರಡು, ಆಮೇಲೆ ಮೂರು. ಬನಿಯನ್ನು, ಚಪ್ಪಲಿ, ಲೋಟ ತೊಳೆದಿಡುವುದು, ಎಲ್ಲಕ್ಕೂ ಇದೇ ಲೆಕ್ಕ. ಇದು ಪಾಠವೇ ಅಲ್ಲ ಅನ್ನುವವರು ಇದ್ದಾರೆ. ಹತ್ತು ವರ್ಷದ ಮಗುವನ್ನು ದಿನಕ್ಕೆ ಆರು ಸಲ ಎತ್ತಿ ಇಳಿಸುವ ಅಮ್ಮನ ಸೊಂಟವನ್ನು ಕೇಳಿದರೆ ಗೊತ್ತಾಗುತ್ತದೆ.

ಅಕ್ಷರಕ್ಕೆ ಬಂದರೆ, 'ಅ ಆ ಇ ಈ'ಯಿಂದ ಶುರು ಮಾಡುವ ಹಟ ಬಿಡಿ. 1995ರಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿ ಪದ್ಧತಿ ಈ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಕಲಿಕಾ ಏಣಿ ಇದೆ, ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ತನ್ನ ವೇಗದಲ್ಲಿ ಹತ್ತುತ್ತದೆ, ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ. ಶಾಲೆಯ ನಲಿಕಲಿ ಕಾರ್ಡುಗಳನ್ನು ಒಂದೆರಡು ವಾರಕ್ಕೆ ಎರವಲು ಕೇಳಿ, ಕೊಡದಿದ್ದರೆ ಫೋನಿನಲ್ಲಿ ಫೋಟೊ ತೆಗೆದುಕೊಂಡು ಬನ್ನಿ. ಮೊದಲ ಗುಂಪಿನ ಅಕ್ಷರ ರ, ಗ, ಸ, ದ, ಅ. ಬರೀ ಈ ಐದರಲ್ಲಿ ಎಷ್ಟು ಪದ ಹುಟ್ಟುತ್ತವೆ ನೋಡಿ: ಸರ, ರಸ, ಅಗಸ, ಅರಸ, ಗರಗಸ, ದಸರ. ಮೈಸೂರು ಸೀಮೆಯ ಮಗುವಿಗೆ ಐದೇ ಅಕ್ಷರದಲ್ಲಿ ಅರಸನೂ ಸಿಕ್ಕ, ದಸರವೂ ಸಿಕ್ಕಿತು. ದೀರ್ಘ ಆಮೇಲೆ ಬರಲಿ.

ಪೆನ್ಸಿಲು ಹಿಡಿಯಲಾಗದಿದ್ದರೆ ಸೈಕಲ್ ಟ್ಯೂಬಿನ ತುಂಡನ್ನು ಅದಕ್ಕೆ ಸುತ್ತಿ ದಪ್ಪ ಮಾಡಿ. ಅದೂ ಆಗದಿದ್ದರೆ ಅಂಚಿರುವ ತಟ್ಟೆಯಲ್ಲಿ ತೆಳ್ಳಗೆ ರಾಗಿ ಹರಡಿ, ಬೆರಳಲ್ಲಿ ಬರೆಸಿ. ತಟ್ಟೆಯ ತಳ ಕಾಣುವಷ್ಟು ತೆಳ್ಳಗಿರಲಿ, ದಪ್ಪ ಹರಡಿದರೆ ಗೆರೆ ಮೂಡುವುದಿಲ್ಲ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಲೆಕ್ಕಕ್ಕೆ ಹುಣಸೆ ಬೀಜ, ಕವಡೆ ಚೆನ್ನ, ಆದರೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿಗೆ ಖಂಡಿತ ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಮಗುವಿಗೆ ನಿಂಬೆಹಣ್ಣು, ಜೋಳದ ದಿಂಡು, ತೆಂಗಿನ ಚಿಪ್ಪು ಕೊಡಿ.

ಮಾತು ಬಾರದ ಮಗುವಿಗೆ ಏನೂ ಗೊತ್ತಾಗುವುದಿಲ್ಲ ಅಂತ ತೀರ್ಮಾನಿಸಿಬಿಡುವುದು ಇನ್ನೊಂದು ದೊಡ್ಡ ತಪ್ಪು. ಎರಡು ಚೀಟಿ ಬರೆದು ಎರಡು ಕೈಯಲ್ಲಿ ದೂರ ದೂರ ಹಿಡಿದು 'ಸರ ಯಾವುದವ್ವ?' ಅಂತ ಕೇಳಿ. ಕಣ್ಣು ಎತ್ತ ಹೋಗುತ್ತದೆ ನೋಡಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಬಾಯಿ ಬಿಡಬೇಡಿ. ನಾವು ಎರಡಕ್ಕೇ ಮತ್ತೆ ಕೇಳಿಬಿಡುತ್ತೇವೆ, ಮಗುವಿನ ಮೈ ಉತ್ತರಕ್ಕೆ ಸಿದ್ಧವಾಗುವಷ್ಟರಲ್ಲಿ ಪ್ರಶ್ನೆ ಹೊಸದಾಗಿರುತ್ತದೆ. ಸರಿ ಚೀಟಿಯನ್ನು ಪ್ರತಿ ಸಲ ಬಲಗೈಯಲ್ಲೇ ಹಿಡಿಯಬೇಡಿ, ಮಕ್ಕಳು ಕೈ ಕಲಿಯುತ್ತಾರೆ, ಪದವನ್ನಲ್ಲ. ಕಿವಿಯ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ಮಂಡ್ಯದವರಿಗೆ ಅದು ಒಂದು ರೈಲಿನ ದೂರ.

ದಾಖಲೆಗೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಮಾಡಿಸಿದ ಕೆಲಸ, ಮುಂದೆ ಒಂದು ಗುರುತು. ತಾನೇ ಮಾಡಿದರೆ 'ತಾ', ಹೇಳಿದ ಮೇಲೆ ಮಾಡಿದರೆ 'ಹೇ', ಮಾಡಿ ತೋರಿಸಿದ ಮೇಲೆ ಮಾಡಿದರೆ 'ತೋ', ಕೈ ಹಿಡಿದು ಮಾಡಿಸಿದರೆ 'ಕೈ'. ಅಜ್ಜಿಗೆ ಓದು ಬಾರದಿದ್ದರೆ ಒಂದು, ಎರಡು, ಮೂರು, ನಾಲ್ಕು ಗೀಟು. ಮೂರು ದಿನ ಬಿಡದೆ 'ತಾ' ಬಂದರೆ ಮುಂದಿನ ಹೆಜ್ಜೆಗೆ ಹೋಗಿ. ಒಂದು ವಾರವಾದರೂ 'ಕೈ'ಯಲ್ಲೇ ನಿಂತಿದ್ದರೆ ಮಗು ದಡ್ಡ ಅಂತಲ್ಲ, ಹೆಜ್ಜೆ ದೊಡ್ಡದಾಯಿತು ಅಂತ. ಅದನ್ನು ಎರಡು ಮಾಡಿ. ಮೊಮ್ಮಗುವಿನ ಮೇಲಿನ ಕನಿಕರಕ್ಕೆ ಎಲ್ಲದರ ಮುಂದೆ 'ತಾ' ಹಾಕುವ ಅಜ್ಜಿಯರೂ ಇದ್ದಾರೆ, ಅವರಿಗೆ ಮೊದಲೇ ಹೇಳಿ: ಇದು ಮಾರ್ಕ್ಸ್ ಕಾರ್ಡ್ ಅಲ್ಲ.

ಈ ನೋಟ್‌ಬುಕ್ ಇದ್ದರೆ ಮೇಡಂ ಭೇಟಿಯ ರೀತಿಯೇ ಬದಲಾಗುತ್ತದೆ. ಮೊದಲ ಹತ್ತು ನಿಮಿಷ ಅದನ್ನು ಓದುವುದಕ್ಕೆ. ಮುಂದಿನ ಇಪ್ಪತ್ತು ನಿಮಿಷ ಅಜ್ಜಿ ಮಗುವಿಗೆ ಪಾಠ ಮಾಡಬೇಕು, ಮೇಡಂ ನೋಡಬೇಕು. ಎಲ್ಲಿ ಕೈ ಜಾಸ್ತಿ ಹಾಕುತ್ತಿದ್ದಾರೆ, ಎಲ್ಲಿ ಮಗು ಹೇಳುವ ಮೊದಲೇ ಇವರೇ ಉತ್ತರ ಹೇಳಿಬಿಡುತ್ತಿದ್ದಾರೆ, ಅಲ್ಲಿ ತಿದ್ದಬೇಕು. ಉಳಿದ ಹೊತ್ತಿನಲ್ಲಿ ಮುಂದಿನ ವಾರಕ್ಕೆ ಒಂದೇ ಒಂದು ಹೊಸ ಕೆಲಸ ಕಲಿಸಿ, ಅಜ್ಜಿಯಿಂದ ಒಮ್ಮೆ ಮಾಡಿಸಿ, ಫೋನಿನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿ ಅಮ್ಮನಿಗೆ ಕಳಿಸಿ ಹೊರಡುವುದು. ವಿಡಿಯೊ ಯಾಕೆಂದರೆ ಅಜ್ಜಿ ಸಂಜೆ ಬಾಯಲ್ಲಿ ಹೇಳುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಫೋಟೊ ಕೇಳುವ ಮೇಲಧಿಕಾರಿಗಳು ಮಗುವಿನ ಫೋಟೊ ಬದಲು ಈ ನೋಟ್‌ಬುಕ್ಕಿನ ಪುಟದ ಫೋಟೊ ಕೇಳಲಿ, ಎಷ್ಟು ಭೇಟಿಯಲ್ಲಿ ಕೆಲಸ ನಡೆದಿದೆ ಅಂತ ತಾನಾಗಿ ಗೊತ್ತಾಗುತ್ತದೆ.

ದುಡ್ಡಿನ ವಿಚಾರದಲ್ಲಿ ಗಾಳಿಮಾತು ಜಾಸ್ತಿ. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯದ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿವರೆಗೆ ಇಟ್ಟಿರುವುದು ನಿಜ. ಅದು ಪೋಷಕರ ಕೈಗೆ ಕೊಡುವ ಹಣವಲ್ಲ, ಸಾಧನ, ಚಿಕಿತ್ಸೆ, ಕಲಿಕಾ ಸಾಮಗ್ರಿಯಂಥ ಬಾಬ್ತುಗಳಿಗೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಭತ್ಯೆ ಬೇರೆ ಇದೆ. ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಇಂಥ ಹಣ ಬರುವುದಿಲ್ಲ, ಅದನ್ನು ಜೂನ್‌ನಲ್ಲೇ ನೋಡಿಕೊಳ್ಳಿ. ಸಾಧನಗಳ ಅಳತೆ ಶಿಬಿರಕ್ಕೆ ಮಗುವನ್ನೇ ಕರೆದೊಯ್ಯಬೇಕು, ಕಾಗದಪತ್ರ ಮಾತ್ರ ಒಯ್ದರೆ ಆಗುವುದಿಲ್ಲ. ಅಳತೆ ತಪ್ಪಿದ, ಕಾಲಿಗೆ ಕಟ್ಟುವ ಕ್ಯಾಲಿಪರ್, ಗಾಲಿಕುರ್ಚಿ ಅಟ್ಟ ಸೇರುವುದು ಹೀಗೆಯೇ. ಕೊಟ್ಟ ಸಾಧನ ಮಗುವಿಗೆ ಚಿಕ್ಕದಾದಾಗಲೂ ಸುಮ್ಮನಿರಬೇಡಿ.

ತಿಂಗಳಿಗೆ ಎರಡು ಸಲವಾದರೂ ಮಗುವನ್ನು ಶಾಲೆಗೆ ಕರೆದುಕೊಂಡು ಹೋಗಿ, ಆಗಸ್ಟ್ 15ಕ್ಕೆ, ಮಕ್ಕಳ ದಿನಾಚರಣೆಗೆ ಮಾತ್ರವಲ್ಲ. ಹಾಜರಾತಿ ಪುಸ್ತಕದ ಹೆಸರಿಗೂ ಮುಖಕ್ಕೂ ಕ್ಲಾಸ್ ಟೀಚರಿಗೆ ಪರಿಚಯವಿರಬೇಕು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ ರ‍್ಯಾಂಪ್ ಕೇಳುವವರು ನೀವೇ ಆಗಿರುತ್ತೀರಿ.

ಹತ್ತನೇ ತರಗತಿಯ ಯೋಚನೆಯನ್ನು ಎಂಟನೆಯಲ್ಲೇ ಶುರು ಮಾಡಿ. ಎಸ್‌ಎಸ್‌ಎಲ್‌ಸಿ ಬರೆಸುವುದಾದರೆ ಲಿಪಿಕಾರರ (ಮಗು ಹೇಳಿದ ಉತ್ತರ ಬರೆದುಕೊಡುವವರ) ಸೌಲಭ್ಯ ಮತ್ತು ಹೆಚ್ಚುವರಿ ಸಮಯಕ್ಕೆ ಶಾಲೆಯ ಮೂಲಕವೇ, ಪರೀಕ್ಷೆಯ ಅರ್ಜಿ ತುಂಬುವಾಗಲೇ ಕೇಳಬೇಕು. ಹಾಲ್ ಟಿಕೆಟ್ ಬಂದಮೇಲೆ ಓಡಾಡಿದರೆ ತಡ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಲಿಪಿಕಾರರ ಜೊತೆ ಕೂತು ಬರೆಸುವುದೂ ಅಭ್ಯಾಸ ಬೇಕಾದ ಕೆಲಸ, ಮನೆಯಲ್ಲಿ ಅಣ್ಣನನ್ನೋ ಪಕ್ಕದ ಮನೆ ಅಕ್ಕನನ್ನೋ ಕೂರಿಸಿಕೊಂಡು ಆರು ತಿಂಗಳು ಮೊದಲೇ ಮಾಡಿಸಿ. ಒಂದೇ ಉಸಿರಿಗೆ ಆರು ಪತ್ರಿಕೆ ಕಷ್ಟ ಅನಿಸಿದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಇದೆ: 14 ತುಂಬಿದವರಿಗೆ ಹತ್ತನೆಯ ಹಂತ, ಐದು ವಿಷಯ, ಐದು ವರ್ಷದ ಅವಧಿಯಲ್ಲಿ ಒಂಬತ್ತು ಅವಕಾಶ. ಒಂದು ಸಲಕ್ಕೆ ಒಂದೋ ಎರಡೋ ವಿಷಯ ಬರೆದು ಮುಗಿಸುತ್ತಾ ಹೋಗಬಹುದು. ಬೇಕಾದ ವಿಷಯ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಅನ್ನುವುದನ್ನು ಶುಲ್ಕ ಕಟ್ಟುವ ಮೊದಲು ನೋಡಿ, ಕಟ್ಟಿದ ಮೇಲಲ್ಲ.