ಪತ್ತನಾಜೆಗೆ ಬರುತ್ತೇವೆ ಎಂದವರು

ಸಹಕಾರಿ ಸಂಘವೊಂದರ ಸಾಲ ವಸೂಲಾತಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಂತು ಕಟ್ಟದವರ ನೆಪ ಕೇಳಿ ಕೇಳಿ ಕಿವಿ ಮರಗಟ್ಟಿದೆ. ಅಡಿಕೆಗೆ ಕೊಳೆರೋಗ ಬಂತು, ಮಗಳ ಮದುವೆ ಆಯಿತು, ಗಲ್ಫಿನಿಂದ ಹಣ ಬರಬೇಕು, ಮುಂದಿನ ವಾರ ಖಂಡಿತ. ಇಂಥದ್ದರಲ್ಲೇ ಕೂದಲು ಹಣ್ಣು ಮಾಡಿಕೊಂಡ ನಾನು ಈ ಬೇಸಿಗೆಯಲ್ಲಿ ಮಾತು ನಂಬಿ ಮೋಸ ಹೋದೆ. ಅದೂ ಸಾಲಗಾರನದ್ದಲ್ಲ, ಒಂದು ಸಿನಿಮಾದವರ ಮಾತು.

ಯಾವ ಸಿನಿಮಾ ಎಂದು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗಾಗುವುದರೊಳಗೆ ಆ ನಾಯಕನ ಅಭಿಮಾನಿಗಳು ನನ್ನ ಏಳು ತಲೆಮಾರನ್ನು ಜಾಲಾಡಿರುತ್ತಾರೆ. ದೊಡ್ಡ ನಾಯಕನ ದೊಡ್ಡ ಕನ್ನಡ ಸಿನಿಮಾ ಎಂದರೆ ಸಾಕು. ಕಳೆದ ದೀಪಾವಳಿಗೆ ಪೋಸ್ಟರ್ ಬಂತು: ಏಪ್ರಿಲ್ 10, ವಿಶ್ವದಾದ್ಯಂತ. ಸಂಕ್ರಾಂತಿಗೆ ಇನ್ನೊಂದು: ಮೇ 1. ಮಾರ್ಚ್ ಮೊದಲ ವಾರದಲ್ಲಿ ಮೂರನೆಯದು: ಮೇ 22, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಈ ಬಾರಿ ಖಚಿತ". ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಕಟ್ಟುವ ಮನಸ್ಸಿರುವವನು "ಈ ಬಾರಿ ಖಚಿತ" ಎನ್ನುವುದಿಲ್ಲ, ಬಂದು ಕಟ್ಟಿ ಹೋಗುತ್ತಾನೆ.

ಆದರೆ ಮೇ 22 ನಮ್ಮ ಮನೆಯ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿತ್ತು. ಕರಾವಳಿಯಲ್ಲಿ ಬೇಸಿಗೆಯ ಕೊನೆ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಏಪ್ರಿಲ್, ಮೇ ಪೂರ್ತಿ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮದುವೆ, ಗೃಹಪ್ರವೇಶ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನ. ಒಂದೇ ಮುಹೂರ್ತಕ್ಕೆ ಮೂರು ಮದುವೆ ಬಂದು ಮನೆಯವರು ಮೂರು ದಿಕ್ಕಿಗೆ ಊಟಕ್ಕೆ ಹಂಚಿಹೋಗುವುದು ಮಾಮೂಲು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಅಲ್ಲಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ, ಜಾತ್ರೆ ಮುಗಿಯುತ್ತದೆ. ಅಲ್ಲಿಂದ ಶಾಲೆಯ ಬಾಗಿಲು ತೆರೆಯುವವರೆಗೆ ಸಿಗುವುದು ಐದಾರು ದಿನ. ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಿರುತ್ತದೆ, ಮಳೆ ಇವತ್ತೋ ನಾಳೆಯೋ ಎನ್ನುತ್ತಿರುತ್ತದೆ, ಮುಂಬಯಿಯಿಂದ ಬಂದವರು ಇನ್ನೂ ಹೊರಟಿರುವುದಿಲ್ಲ. ಇಡೀ ಕುಟುಂಬ ಒಟ್ಟಾಗಿ ಸಿನಿಮಾಕ್ಕೆ ಹೋಗಲು ನಮಗೆ ವರ್ಷದಲ್ಲಿ ಇರುವುದೇ ಆ ಐದಾರು ದಿನ.

ಮುಂಬಯಿಯಿಂದ ಬಂದವರು ಎಂದರೆ ನನ್ನ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ರೈಲು ಟಿಕೆಟ್ ಕಾದಿರಿಸುವ ಅವಧಿಯನ್ನು 2024ರ ನವೆಂಬರ್‌ನಲ್ಲಿ 120 ದಿನದಿಂದ 60 ದಿನಕ್ಕೆ ಇಳಿಸಿದ ಮೇಲೆ ಮೇ ತಿಂಗಳ ಮತ್ಸ್ಯಗಂಧ ರೈಲಿಗೆ ಮಾರ್ಚ್‌ನಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ಮೊಬೈಲ್ ಹಿಡಿದು ಕೂರಬೇಕು. ಎರಡು ನಿಮಿಷ ಆಚೀಚೆಯಾದರೆ ವೇಟಿಂಗ್ ಲಿಸ್ಟ್. "ವಾಪಸ್ಸು ಹೊರಡುವುದು ಯಾವತ್ತಿಗೆ ಇಟ್ಟುಕೊಳ್ಳಲಿ?" ಎಂದು ಅಕ್ಕ ಕೇಳಿದಾಗ ಹೇಳಿದವನು ನಾನೇ: "30ಕ್ಕೆ ಮಾಡು ಅಕ್ಕ. 22ಕ್ಕೆ ಸಿನಿಮಾ ಬರುತ್ತದೆ, ನೋಡಿಕೊಂಡೇ ಹೋಗಬಹುದು." ಅದಕ್ಕಾಗಿ ಭಾವ ಕಚೇರಿಯಲ್ಲಿ ಬೇಡಿ ಎರಡು ದಿನ ಹೆಚ್ಚು ರಜೆ ಪಡೆದರು.

ಮೇ 19ರ ಸಂಜೆ ನಾಲ್ಕನೆಯ ಪೋಸ್ಟರ್ ಬಂತು. ಅದರಲ್ಲಿ ದಿನವೇ ಇರಲಿಲ್ಲ. "ಕಾರಣಾಂತರಗಳಿಂದ" ಎಂದು ಶುರುವಾಗಿ "ಶೀಘ್ರದಲ್ಲೇ ನಿಮ್ಮ ಮುಂದೆ" ಎಂದು ಮುಗಿದಿತ್ತು. ನಾಯಕ ಮಾತ್ರ ಅದೇ ಕೊಡಲಿ ಹಿಡಿದು ಅದೇ ಮಳೆಯಲ್ಲಿ ನೆನೆಯುತ್ತ ನಿಂತಿದ್ದ. ಏಳು ತಿಂಗಳಿಂದ ನಿಂತಿದ್ದಾನೆ, ಪಾಪ, ಶೀತವಾಗಿರಬೇಕು.

ಬಿಡುಗಡೆಗೆ ಮೂರು ದಿನ ಇರುವಾಗ ಗೊತ್ತಾಗುವ ಆ ಕಾರಣಾಂತರ ಯಾವುದು? ಮೊದಲ ಸಲ ಐಪಿಎಲ್ ಎಂದಿದ್ದರು. ಐಪಿಎಲ್ 2008ರಿಂದ ನಡೆಯುತ್ತಿದೆ. ಬೇಸಿಗೆಯ ಸಂಜೆ ಜನ ಕ್ರಿಕೆಟ್ ನೋಡುತ್ತಾರೆ ಎಂಬ ಸತ್ಯ ದೀಪಾವಳಿಯ ದಿನ ಇವರಿಗೆ ಹೊಳೆದಿರಲಿಲ್ಲವೇ? ಅದೂ ಹೋಗಲಿ, ಏಪ್ರಿಲ್ 10 ಬಿಟ್ಟು ಮೇ 1ಕ್ಕೆ ಹೋದರೆ ಐಪಿಎಲ್‌ನಿಂದ ತಪ್ಪಿಸಿಕೊಂಡಂತೆ ಆಗುತ್ತದೆಯೇ? ಹುಲಿಗೆ ಹೆದರಿ ಗುಹೆಯ ಇನ್ನೂ ಒಳಗೆ ಹೋಗಿ ಕೂತಂತೆ. ಎರಡನೆಯ ಸಲ ಗ್ರಾಫಿಕ್ಸ್ ಕೆಲಸ ಬಾಕಿ ಇದೆ ಎಂದರು. ಮೂರನೆಯ ಸಲ ಬಾಯಿಬಿಟ್ಟು ಏನೂ ಹೇಳಲಿಲ್ಲ. ಚಿತ್ರಮಂದಿರವೊಂದರಲ್ಲಿ ಕೆಲಸಕ್ಕಿರುವ ನನ್ನ ಸಹಪಾಠಿ ಹೇಳಿದ: "ಒಟಿಟಿಯವರ ಜೊತೆ ವ್ಯಾಪಾರ ಕುದುರಿಲ್ಲವಂತೆ." ದಕ್ಷಿಣದ ಭಾಷೆಗಳಲ್ಲಿ ಚಿತ್ರಮಂದಿರಕ್ಕೆ ಬಂದ ನಾಲ್ಕೇ ವಾರಕ್ಕೆ ಸಿನಿಮಾ ಮೊಬೈಲಿಗೆ ಬರುವುದು ಈಗ ರೂಢಿ. ಹಾಗಾಗಿ ತನಗೆ ಯಾವ ತಿಂಗಳು ಬೇಕೆಂದು ಮೊಬೈಲಿನವನು ಹೇಳಬೇಕು, ಅಲ್ಲಿಂದ ಹಿಂದಕ್ಕೆ ಎಣಿಸಿ ಚಿತ್ರಮಂದಿರಕ್ಕೆ ದಿನ ಇಡಬೇಕು. ಅದು ತೀರ್ಮಾನವಾಗುವ ಮೊದಲೇ ದಿನ ಸಾರಿದವರನ್ನು ಏನೆನ್ನುವುದು? ಸೆನ್ಸಾರ್ ಪ್ರಮಾಣಪತ್ರ ಕೈಗೆ ಬರುವ ಮೊದಲೇ ಸಾರುವವರೂ ಇದ್ದಾರೆ. ಆಮಂತ್ರಣ ಪತ್ರಿಕೆ ಹಂಚಿ ಮುಗಿಸಿ ಹುಡುಗಿ ನೋಡಲು ಹೊರಟ ಹಾಗೆ.

ಅಮ್ಮನ ಕಾಲದಲ್ಲೂ ಸಿನಿಮಾ ತಡವಾಗಿಯೇ ಬರುತ್ತಿತ್ತು. ಆದರೆ ಅದಕ್ಕೆ ಅರ್ಥವಿತ್ತು. ಪ್ರಿಂಟುಗಳೇ ಕೆಲವು. ದೊಡ್ಡ ಊರಿನಲ್ಲಿ ಓಡಿ ಸವೆದ ಮೇಲೆ ರೀಲಿನ ಪೆಟ್ಟಿಗೆ ಸಣ್ಣ ಊರಿಗೆ ಬರಬೇಕು. ಬಂದ ಪ್ರಿಂಟಿನಲ್ಲಿ ಮದುವೆಮನೆಯೊಳಗೂ ಗೆರೆಗೆರೆಯಾಗಿ ಮಳೆ ಸುರಿಯುತ್ತಿತ್ತು ಎಂದು ಅಮ್ಮ ಈಗಲೂ ನಗುತ್ತಾರೆ. ಅವರು ಹೆಚ್ಚು ಸಿನಿಮಾ ನೋಡಿದ್ದು ಮಂಗಳೂರಿನ ಜ್ಯೋತಿಯಲ್ಲಿ. ಆ ಚಿತ್ರಮಂದಿರ ಈಗ ಇಲ್ಲ, ಅದಿದ್ದ ವೃತ್ತಕ್ಕೆ ಅಂಬೇಡ್ಕರ್ ವೃತ್ತ ಎಂಬ ಹೆಸರಾಗಿದೆ, ಆದರೂ ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಡಿದು ಕೂಗುವುದು "ಜ್ಯೋತಿ, ಜ್ಯೋತಿ" ಎಂದೇ. ಇವತ್ತು ಸಿನಿಮಾ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ, ಅದರ ಬೀಗ ತೆರೆಯುವ ಡಿಜಿಟಲ್ ಕೀಲಿ ಇಮೇಲಿನಲ್ಲಿ ಬರುತ್ತದೆ. ಬಸ್ಸಿನ ತಲೆಯ ಮೇಲೆ ಪೆಟ್ಟಿಗೆ ಹೇರುವ ಕಷ್ಟವೂ ಇಲ್ಲ. ಇಷ್ಟಿದ್ದೂ ಹೇಳಿದ ದಿನಕ್ಕೆ ಬರಲು ಇವರಿಗೇನು ಧಾಡಿ?

ನಮ್ಮ ಮೇಳಗಳನ್ನು ನೋಡಲಿ. ಕಟೀಲು ಮೇಳದ ಹರಕೆ ಆಟಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯಬೇಕು, ನಿಜ. ಆದರೆ ದಿನ ಸಿಕ್ಕಿತೆಂದರೆ ಸಿಕ್ಕಿತು. ಅಂದು ಬಣ್ಣ ಹಚ್ಚುವ ಚೌಕಿಯಲ್ಲಿ ದೇವರ ಪೂಜೆ ಆಗುತ್ತದೆ, ಚೆಂಡೆ ಬಡಿಯುತ್ತದೆ, ದೇವಿ ಉಯ್ಯಾಲೆಯಲ್ಲಿ ಕೂರುತ್ತಾಳೆ. ಮಹಿಷಾಸುರನ ಕೊಂಬಿನ ಕೆಲಸ ಬಾಕಿ ಇದೆ, ಮುಂದಿನ ತಿಂಗಳು ಬನ್ನಿ ಎಂದು ಯಾರಾದರೂ ಹೇಳಿದ್ದುಂಟೇ? ನೆರೆಯ ಮಲಯಾಳ ಸಿನಿಮಾದವರೂ ವಿಷು ಹಬ್ಬಕ್ಕೆ ಎಂದರೆ ಹೆಚ್ಚಾಗಿ ವಿಷುವಿಗೆ ಬಂದುಬಿಡುತ್ತಾರೆ. ಆಮೇಲೆ ನಮ್ಮವರು "ಮಂಗಳೂರಿನಲ್ಲಿ ಕನ್ನಡ ಸಿನಿಮಾಕ್ಕೆ ಪರದೆ ಸಿಗುವುದಿಲ್ಲ" ಎಂದು ಗೋಳಾಡುತ್ತಾರೆ. ಸಿಕ್ಕ ಪರದೆಯನ್ನು ಮಂಗಳವಾರ ಬಿಟ್ಟುಕೊಟ್ಟವರು ಯಾರು?

ಇದರಲ್ಲಿ ಸೊಂಟ ಮುರಿಯುವುದು ಸಣ್ಣ ಸಿನಿಮಾಗಳದ್ದು. ದೊಡ್ಡವರು ಒಂದು ಶುಕ್ರವಾರದ ಮೇಲೆ ಕರವಸ್ತ್ರ ಹಾಕಿದ ಕೂಡಲೇ ಸಣ್ಣವರು ಹೆದರಿ ಹಿಂದೆ ಮುಂದೆ ಓಡುತ್ತಾರೆ. ಕೊನೆಯ ಗಳಿಗೆಯಲ್ಲಿ ದೊಡ್ಡವರು ಕರವಸ್ತ್ರ ತೆಗೆದರೂ ಆ ಸೀಟಿಗೆ ಯಾರೂ ಬರಲಾಗುವುದಿಲ್ಲ. ಪೋಸ್ಟರ್ ಅಂಟಿಸಬೇಕು, ಪ್ರಚಾರ ಮಾಡಬೇಕು, ಅದು ಮೂರು ದಿನದ ಕೆಲಸವೇ? ಓಡಿಹೋಗದೆ ಮೇ 22ಕ್ಕೇ ಧೈರ್ಯವಾಗಿ ನಿಂತ ಒಂದು ಕನ್ನಡ ಸಿನಿಮಾ ಇತ್ತು. ಹೊಸಬರದ್ದು. ಹೇಳಿದ ದಿನ ಬಂದಿದ್ದಾರಲ್ಲ, ಅದನ್ನೇ ನೋಡೋಣ ಎಂದು ನಾನು ಹಟ ಹಿಡಿದೆ. ಶನಿವಾರ ಅದಕ್ಕಿದ್ದ ಆಟ ರಾತ್ರಿ ಹತ್ತೂಕಾಲಿನದ್ದು ಮಾತ್ರ. ಮುಗಿದ ಮೇಲೆ ಎಪ್ಪತ್ತೆರಡು ವರ್ಷದ ಅಮ್ಮನನ್ನೂ ನಾಲ್ಕು ಮಕ್ಕಳನ್ನೂ ಸುರತ್ಕಲ್‌ಗೆ ಯಾವ ಬಸ್ಸಿನಲ್ಲಿ ತರುವುದು? ಹಾಗಾಗಿ ಮಂಗಳವಾರ ಸಂಜೆ ಐದರ ಆಟಕ್ಕೆ ಒಂಬತ್ತು ಟಿಕೆಟ್ ಮೊಬೈಲಿನಲ್ಲೇ ತೆಗೆದೆ. ತಲೆಗೆ 220ರಂತೆ 1,980 ರೂಪಾಯಿ, ಅದರ ಮೇಲೆ "ಅನುಕೂಲ ಶುಲ್ಕ" ಎಂದು 288. ಯಾರ ಅನುಕೂಲ ಎಂದು ಅದರಲ್ಲಿ ಬರೆದಿರಲಿಲ್ಲ.

ಟಿಕೆಟ್ ದರ ಎಂದಾಗ ನೆನಪಾಯಿತು. 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ 200 ರೂಪಾಯಿಯ ಮಿತಿ ಎಂದರು, ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಬಂತು, ಅದೇ ತಿಂಗಳು ಹೈಕೋರ್ಟಿನಿಂದ ತಡೆಯಾಜ್ಞೆಯೂ ಬಂತು. ನಮ್ಮ ಮನೆಯಲ್ಲಿ ಅದನ್ನು ಸಂಭ್ರಮಿಸಲು ಸಿಕ್ಕಿದ್ದು ಹತ್ತು ಹನ್ನೆರಡು ದಿನ. ಅದೂ ಒಂದು ಬಿಡುಗಡೆ ಮುಂದೂಡಿಕೆಯೇ ಅಂದುಕೊಳ್ಳಿ.

ಮಂಗಳವಾರ ನಾನು ಅರ್ಧ ದಿನ ರಜೆ ಹಾಕಿದೆ. ಅಮ್ಮ ಮದುವೆಗೆಂದು ತೆಗೆದಿದ್ದ ಸೀರೆ ಉಟ್ಟು, ಶಂಕರಪುರ ಮಲ್ಲಿಗೆ ಮುಡಿದು, ಮೂರು ಗಂಟೆಗೇ ಚಾವಡಿಯಲ್ಲಿ ಕೂತಿದ್ದರು. ಪತ್ತನಾಜೆಗೆ ಹತ್ತು ಹನಿ ಮಳೆಯಾದರೂ ಬೀಳುತ್ತದೆ ಎಂಬ ಮಾತು ನಮ್ಮಲ್ಲಿದೆ. ಈ ಸಲ ಹನಿ ಒಂದು ದಿನ ತಡಮಾಡಿ ಕೊಡಗಟ್ಟಲೆ ಸುರಿಯಿತು. ಒಂಬತ್ತು ಜನ, ಮೂರು ಕೊಡೆ. ಒದ್ದೆಯಾಗಿ ಮೇಲೆ ಹತ್ತಿ ಹೋದರೆ ಟಿಕೆಟ್ ತೋರಿಸಿದ ಕೂಡಲೇ ಅಲ್ಲಿದ್ದ ಹುಡುಗನ ಮುಖ ಚಿಕ್ಕದಾಯಿತು.

"ಸರ್, ಆ ಆಟ ರದ್ದಾಗಿದೆ. ಟಿಕೆಟ್ ಹತ್ತಾದರೂ ಹೋಗಬೇಕಿತ್ತು, ಒಂಬತ್ತೇ ಹೋಗಿದ್ದು."

ಆ ಒಂಬತ್ತೂ ಜನ ಅವನ ಎದುರೇ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದೆವು.

"ಹಾಗಾದರೆ ಹತ್ತನೆಯದನ್ನು ನಾನೇ ಕೊಳ್ಳುತ್ತೇನೆ, ಕೊಡು" ಎಂದೆ.

"ಆಗುವುದಿಲ್ಲ ಸರ್. ಸಿಸ್ಟಮ್‌ನಿಂದಲೇ ತೆಗೆದಾಗಿದೆ. ಆ ಪರದೆಯಲ್ಲಿ ಬೇರೆ ಸಿನಿಮಾ ಹಾಕಿದ್ದಾರೆ."

ಹತ್ತನೆಯ ಸೀಟಿನಲ್ಲಿ ಕೊಡೆಗಳನ್ನು ಕೂರಿಸುತ್ತೇನೆ ಎಂದೂ ಹೇಳಿ ನೋಡಿದೆ. ಹುಡುಗ ನಗಲಿಲ್ಲ. ಅವನಿಗೂ ಇದು ದಿನದ ಪಾಡಿರಬೇಕು, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಅವನ ಬೆನ್ನ ಹಿಂದಿನ ಗೋಡೆಯನ್ನು ನೋಡಿ. ಅಲ್ಲಿ ಆಳೆತ್ತರದಲ್ಲಿ, ದೀಪದ ಚೌಕಟ್ಟಿನೊಳಗೆ, ಕೊಡಲಿ ಹಿಡಿದ ಆ ಮಹಾನುಭಾವ ನಿಂತಿದ್ದ. ಕೆಳಗೆ "ಮೇ 22". ಬಾರದೆ ಹೋದವನ ಪೋಸ್ಟರಿಗೆ ಇಡೀ ಗೋಡೆ, ಬಂದವರ ಪೋಸ್ಟರ್ ಶೌಚಾಲಯದ ದಾರಿಯಲ್ಲಿ.

ಎಲ್ಲರೂ ಗಡ್‌ಬಡ್ ತಿಂದು ಮನೆಗೆ ಬಂದೆವು. ಮಕ್ಕಳಿಗೆ ಅಷ್ಟೇ ಸಾಕಾಯಿತು, ನನಗೆ ಮಾತ್ರ ಐಸ್‌ಕ್ರೀಮೂ ಹೊಟ್ಟೆ ತಣಿಸಲಿಲ್ಲ. ದಾರಿಯಲ್ಲಿ ಅಮ್ಮ ಮಲ್ಲಿಗೆ ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡರು. "ನಾಳೆ ದೇವರಿಗಾದರೂ ಆಗುತ್ತದೆ" ಎಂದರು. ಮುಡಿದದ್ದನ್ನು ದೇವರಿಗೆ ಇಡುವುದಿಲ್ಲ ಎಂದು ನನಗೆ ಹೇಳಿಕೊಟ್ಟವರು ಅವರೇ. ಆ ಸಂಜೆ ಅದನ್ನೂ ಮರೆತಿದ್ದರು.

30ಕ್ಕೆ ಅಕ್ಕನವರನ್ನು ಸುರತ್ಕಲ್ ನಿಲ್ದಾಣದಲ್ಲಿ ರೈಲು ಹತ್ತಿಸಿದೆ. ಕಿಟಕಿಯಿಂದ ಅಕ್ಕನ ಮಗ "ಮಾಮ, ಸಿನಿಮಾ ಬಂದರೆ ನೀವು ಮೊದಲು ನೋಡಿ, ಕಥೆ ಮಾತ್ರ ಹೇಳಬೇಡಿ" ಎಂದ. ಜೂನ್ ಮೊದಲ ವಾರ ಐದನೆಯ ಪೋಸ್ಟರ್ ಬಂತು. ಆಗಸ್ಟ್ ಮೊದಲ ಶುಕ್ರವಾರವಂತೆ. ಅಮ್ಮನಿಗೆ ಓದಿ ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು.

"ಅದು ಆಟಿ ತಿಂಗಳಲ್ಲವೇ? ಆಟಿಯಲ್ಲಿ ಹೊಸ ಮದುಮಗಳನ್ನೇ ತವರಿಗೆ ಕಳುಹಿಸುತ್ತಾರೆ. ಇವರು ಆ ಮಳೆಯಲ್ಲಿ ಯಾರನ್ನು ಕರೆಯುತ್ತಿದ್ದಾರೆ?"

ಟಿಕೆಟಿನ 1,980 ರೂಪಾಯಿ ಏಳು ದಿನ ಬಿಟ್ಟು ಖಾತೆಗೆ ಬಂದಿದೆ. ಅನುಕೂಲದ 288 ಬಂದಿಲ್ಲ. ನಾಲ್ಕು ಸಲ ಫೋನು ಮಾಡಿದೆ, ನಾಲ್ಕು ಸಲವೂ "ಮುಂದಿನ ವಾರ ಖಂಡಿತ" ಎಂದರು. ನಾಳೆ ಹನ್ನೊಂದು ಗಂಟೆಗೆ ಐದನೆಯ ಸಲ ಮಾಡುತ್ತೇನೆ. ನನ್ನ ಸಂಬಳವೇ ಇಂಥ ಕೆಲಸಕ್ಕೆ.