ಮೀನಿಗೇ ಮುಗಿಸಬೇಡಿ ಸ್ವಾಮಿ

ಇವತ್ತು ಬೆಳಿಗ್ಗೆ ಮತ್ತೆ ಅದೇ ಮೀನು.

ಚರ್ಚಿನ ಆರಾಧನೆಯಲ್ಲಿ ಸಂಡೇ ಸ್ಕೂಲ್ ಮಕ್ಕಳ ನಾಟಕ, ಬೈಬಲಿನ ಪ್ರವಾದಿ ಯೋನನ ಕಥೆ. ನಿನೆವೆ ಊರಿಗೆ ಹೋಗಿ ಸಾರು ಅಂತ ದೇವರು ಹೇಳಿದರೆ ಯೋನ ಬೇರೆ ದಿಕ್ಕಿಗೆ ಓಡಿದ, ನೀಲಿ ಸೀರೆ ಸಮುದ್ರವಾಯಿತು, ಥರ್ಮಾಕೋಲ್ ಮೀನು ನುಂಗಿತು, ಮೂರು ದಿನಕ್ಕೆ ಕಕ್ಕಿತು. ನಿನೆವೆಯವರು ಮಂಡಿಯೂರಿದರು. ಚಪ್ಪಾಳೆ. ಆಮೇಲೆ ಪಾಸ್ಟರ್ ಅಯ್ಯನವರು ಮೈಕ್ ಹಿಡಿದು, 'ಯೋನನ ಹಾಗೆ ಹೆದರಿ ಓಡಬೇಡಿ' ಅಂದರು. ಹೆಂಡತಿ ನನ್ನ ಮೊಣಕಾಲು ಒತ್ತಿ ಹಿಡಿದಳು. ಅವಳಿಗೆ ಗೊತ್ತು.

ಬೈಬಲಿನಲ್ಲಿ ಯೋನನದು ನಾಲ್ಕೇ ಅಧ್ಯಾಯದ ಪುಸ್ತಕ. 48 ವಚನ. ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು. ಆದರೂ ನಾಲ್ಕನೇ ಅಧ್ಯಾಯಕ್ಕೆ ಯಾರೂ ಬರುವುದಿಲ್ಲ!

ಹೆದರಿ ಓಡಿದ್ದಲ್ಲ ಕಣ್ರೀ ಅವನು. ಹೆದರುಪುಕ್ಕಲ ಬಿರುಗಾಳಿಯಲ್ಲಿ ಹಡಗಿನ ತಳಕ್ಕಿಳಿದು ನಿದ್ದೆ ಹೊಡೆಯುತ್ತಾನಾ? 'ನನ್ನನ್ನು ಎತ್ತಿ ಸಮುದ್ರಕ್ಕೆ ಹಾಕಿ' ಅನ್ನುತ್ತಾನಾ? ಯಾಕೆ ಓಡಿದ್ದು ಅಂತ ನಾಲ್ಕನೇ ಅಧ್ಯಾಯದಲ್ಲಿ ಅವನೇ ಬಾಯಿಬಿಡುತ್ತಾನೆ. ದೇವರು ಕರುಣೆಯವನು, ಕ್ಷಮಿಸಿಬಿಡುತ್ತಾನೆ ಅಂತ ಗೊತ್ತಿತ್ತಂತೆ. ಅದಕ್ಕೇ ಓಡಿದ್ದು! ನಿನೆವೆ ಅಶ್ಶೂರ್ಯರ ಊರು. ಮುಂದೆ ಕ್ರಿ.ಪೂ. 722ರ ಹೊತ್ತಿಗೆ ಇಸ್ರಾಯೇಲ್ ರಾಜ್ಯವನ್ನೇ ಮುಗಿಸಿದ ಜನ. ಅವರು ಉಳಿಯುವುದು ಇವನಿಗೆ ಬೇಡ. ಕೊನೆಗೆ ಹೋಗಿ ಮಾಡಿದ ಪ್ರಸಂಗ, ಅಂದರೆ ಉಪದೇಶ, ಆದರೂ ಎಷ್ಟು? ಹೀಬ್ರೂವಿನಲ್ಲಿ ಐದೇ ಪದ. ನಲವತ್ತು ದಿನ, ಊರು ನಾಶ. ದೇವರ ಹೆಸರೂ ಇಲ್ಲ. ಶುದ್ಧ ಕಾಟಾಚಾರ. ಅಷ್ಟಕ್ಕೇ ಊರಿಗೆ ಊರೇ ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಟ್ಟಿತು, ದನಕರುಗಳಿಗೂ ಹೊದಿಸಿ ಅಂತ ರಾಜಾಜ್ಞೆ ಬಂತು. ನಮ್ಮಲ್ಲಿ ಮುಕ್ಕಾಲು ಗಂಟೆ ಪ್ರಸಂಗಕ್ಕೆ ಕೊನೇ ಬೆಂಚು ಎಚ್ಚರವಿದ್ದರೆ ಜಾಸ್ತಿ.

ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಮೀನು ಸಾಕು ಅಂತೀರಿ. ಅಲ್ಲ, ಜಗಳವಾಡಿದ ಹುಡುಗನಿಗೆ ಟೀಚರ್ ಚಾಕಲೇಟ್ ಕೊಟ್ಟರೆ ಹೊಟ್ಟೆ ಉರಿಯುವುದು ಮಕ್ಕಳಿಗೆ ಗೊತ್ತಿಲ್ವಾ?

ಬೈಬಲಿನ ಬೇರೆ ಪ್ರವಾದಿಗಳನ್ನು ನೋಡಿ. ದೇವರು ಕರೆದಾಗ ಮೋಶೆಯೂ ಒಲ್ಲೆ ಅಂದವನೇ. ಆಗ ಅವನಿಗೆ 80 ವರ್ಷ. ಮಾತು ತಡವರಿಕೆ, ಬೇರೆ ಯಾರನ್ನಾದರೂ ಕಳಿಸು ಅಂದ. ಯೆರೆಮೀಯ ನಾನಿನ್ನೂ ಹುಡುಗ ಅಂದ. ಅವರದು ಅಳುಕು. ಯೋನನದು ಹಗೆ. ಅಂಥವನ ಬಾಯಿಂದಲೂ ದೇವರು ಕೆಲಸ ತೆಗೆದ. ಕೆಲಸ ಆದಮೇಲೂ ಅವನ ಸಿಟ್ಟು ಇಳಿಯಲಿಲ್ಲ. ಊರಾಚೆ ಹೋಗಿ ಕೂತ, ಏನಾಗುತ್ತೋ ನೋಡೋಣ ಅಂತ. ನೆರಳಿಗಿದ್ದ ಸೋರೆಬಳ್ಳಿ ಒಣಗಿದ್ದಕ್ಕೆ ಸಾಯಬೇಕು ಅಂದ.

ನನಗ್ಯಾಕೆ ಇಷ್ಟು ಉರಿ? ವರ್ಷಗಟ್ಟಲೆ ಸಂಡೇ ಸ್ಕೂಲಿನಲ್ಲಿ ಇದೇ ಮೀನು ಮಾರಿದವನು ನಾನು. ಹೋದ ವರ್ಷ, ತೋಟದ ವಿಷಯದಲ್ಲಿ ನಮಗೆ ಮೋಸ ಮಾಡಿದ್ದ ಸಂಬಂಧಿಕ ಸಭೆಗೆ ಬಂದು ಅತ್ತು ಪ್ರಾರ್ಥಿಸಿದ. ಎಲ್ಲರೂ ಸ್ತೋತ್ರ ಅಂದರು. ನಾನು ಎದ್ದು ಹೊರಗೆ ಹೋಗಿ ಬೈಕ್ ಮೇಲೆ ಕೂತೆ. ಸೋರೆಬಳ್ಳಿ ಒಂದು ಇರಲಿಲ್ಲ ಅಷ್ಟೆ.

ಅಂದ ಹಾಗೆ, ಇವತ್ತು ಮೀನಿನ ಬಾಲ ಅಲ್ಲಾಡಿಸಿದ್ದು ಅವನ ಮಗಳು. ಚೆನ್ನಾಗಿಯೇ ಮಾಡಿದಳು.